ಬಾಬಿನ್ ಯಾವ ಕಡೆ ಉರುಳುತ್ತದೆ

ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದ ಹತ್ತಿರ ಹಳೇ ಪುಸ್ತಕದ ಅಂಗಡಿಯಲ್ಲಿ ನಾನು ಕೊಂಡ ಗೈಡಿಗೆ ಹಿಂದಿನ ರಟ್ಟು ಇರಲಿಲ್ಲ. ರಟ್ಟಿನ ಜೊತೆಗೆ ಉತ್ತರಗಳ ಪುಟಗಳೂ ಹೋಗಿದ್ದವು, ಪ್ರಶ್ನೆಗಳು ಮಾತ್ರ ಉಳಿದಿದ್ದವು. ಇರಲಿ, ಉತ್ತರ ನಾನೇ ಬರೆದುಕೊಳ್ಳುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಕೈಯಲ್ಲಿ ಫಿಸಿಕ್ಸ್ ಬಿ.ಎಸ್ಸಿ. ಇತ್ತು, ಜಂಬಕ್ಕೆ ಕೊರತೆಯಿರಲಿಲ್ಲ.

ಎಂಬತ್ತರ ದಶಕದ ಮಧ್ಯದ ಮಾತು. ಎಂಜಿನಿಯರಿಂಗ್ ಸೇರಲು ಪ್ಲಸ್ ಟೂ ಅಂಕಗಳ ಜೊತೆಗೆ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕೆಂಬ ನಿಯಮ ತಮಿಳುನಾಡಿನಲ್ಲಿ ಹೊಸದಾಗಿ ಬಂದಿತ್ತು. ನಮ್ಮೂರು ಸೂಲೂರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ನಮ್ಮ ಬೀದಿಯಲ್ಲಿ ಎಲ್ಲರೂ ನೇಕಾರರು, ಎಲ್ಲರ ಮನೆಯೊಳಗೂ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಹಗಲು ಶಾಲೆಯೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್, ಬೆಳಿಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ಟ್ಯೂಷನ್ ಟೀಚರ್. ಪಕ್ಕದ ಶೆಡ್ಡಿನಲ್ಲಿ ಅಪ್ಪನ ನಾಲ್ಕು ಪವರ್‌ಲೂಮ್‌ಗಳು ಬಡಿದುಕೊಳ್ಳುತ್ತಿದ್ದುದರಿಂದ ನನ್ನ ಎಂಟು ಜನ ವಿದ್ಯಾರ್ಥಿಗಳೂ ಕೂಗಿಯೇ ಪಾಠ ಒಪ್ಪಿಸುತ್ತಿದ್ದರು. ಕರೆಂಟ್ ಹೋದಾಗ ನಮ್ಮ ಕಿರುಚಾಟ ನಮಗೇ ಕೇಳಿಸಿ ನಗು ಬರುತ್ತಿತ್ತು.

ಎಂಟರಲ್ಲಿ ಏಳು ಜನ ಪರೀಕ್ಷೆ ಬರೆದರೆ ಸಾಕು ಎಂದು ಬಂದವರು. ಎಂಟನೆಯವಳು ನನ್ನ ಚಿಕ್ಕಪ್ಪನ ಮಗಳು. ನಾವು ಎದುರುಬದುರು ಮನೆಯವರು. ನಾನು ಅವಳಿಗೆ ಅಕ್ಕ, ಅವಳು ನನಗೆ ತಂಗಿ. ಲೆಕ್ಕ ಅಂದರೆ ಅವಳಿಗೆ ತಿಂಡಿ ಇದ್ದಹಾಗೆ. ಚಿಕ್ಕಪ್ಪನ ಕರಾರು ಸ್ಪಷ್ಟವಾಗಿತ್ತು. "ಇದ್ ಒಂದ್ ತಡವೆ ಎಳುದ್ಲಿ ಕಣ್ಣು," ಎಂದಿದ್ದರು ನನ್ನೆದುರು. ತಡವೆ ಅಂದರೆ ಸಲ, ಎಳುದು ಅಂದರೆ ಬರೆ, ಕಣ್ಣು ಅಂದರೆ ಮುದ್ದಿನ ಕರೆ. ನಮ್ಮ ಕನ್ನಡ ಹೀಗೆಯೇ. "ಸೀಟು ಬಂತಾ, ಓದ್ಲಿ. ಬರ್ಲಿಲ್ವಾ, ಅಕ್ಕಯ್ಯನ ಮಗ ಕಾತ್ಕೊಂಡವ್ನೆ, ಆವಣಿಲೇ ತಾಲಿ." ಅಂದರೆ ಕಾದು ಕೂತಿರುವ ಸೋದರತ್ತೆಯ ಮಗನ ಜೊತೆ, ಆಗಸ್ಟಿನಲ್ಲಿ ಬರುವ ಆವಣಿ ತಿಂಗಳಲ್ಲಿ ಮದುವೆ. ಅವಳ ಸೀಟು ನನ್ನ ಕೈಯಲ್ಲಿದೆ ಎಂದು ಬೀದಿಯೆಲ್ಲ ನಂಬಿತ್ತು. ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ನಾನು.

ಪ್ಲಸ್ ಟೂ ಪಬ್ಲಿಕ್ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ರೊಟೇಷನ್ ಎತ್ತಿಕೊಂಡೆವು. ತಿರುಗುವ, ಉರುಳುವ ವಸ್ತುಗಳ ಪಾಠ ಅದು. ನನಗೆ ಅದನ್ನು ಕಲಿಸಿದವರು ಬೋರ್ಡಿನ ಮೇಲೆ ಬರೆದಿದ್ದರು, ನಾನು ನೋಟ್‌ಬುಕ್ಕಿಗೆ ಇಳಿಸಿದ್ದೆ. ಪ್ಯಾರಲಲ್ ಆಕ್ಸಿಸ್ ಥಿಯರಂ, ಪರ್ಪೆಂಡಿಕ್ಯುಲರ್ ಆಕ್ಸಿಸ್ ಥಿಯರಂ, ಬಳೆಗೆ ಇಷ್ಟು, ತಟ್ಟೆಗೆ ಅದರಲ್ಲಿ ಅರ್ಧ, ಗುಂಡಿಗೆ ಐದರಲ್ಲಿ ಎರಡು ಪಾಲು. ಎಲ್ಲವೂ ಬಾಯಿಪಾಠ. ಆದರೆ ಈ ಹೊಸ ಪರೀಕ್ಷೆ ಥಿಯರಂ ಕೇಳುತ್ತಿರಲಿಲ್ಲ. ಒಂದು ಚಿತ್ರ ಕೊಟ್ಟು, ನಾಲ್ಕು ಉತ್ತರ ಕೊಟ್ಟು, ಯಾವುದು ಎಂದು ಕೇಳುತ್ತಿತ್ತು. ಗೈಡಿನ ಒಂದೊಂದು ಪ್ರಶ್ನೆಗೂ ನಾನು ಹಿಂದಿನ ದಿನ ಮೂರು ಮೂರು ಗಂಟೆ ಒದ್ದಾಡಿ, ಬೆಳಿಗ್ಗೆ ಹುಟ್ಟಿನಿಂದಲೇ ಗೊತ್ತಿದ್ದವಳ ಹಾಗೆ ಹೇಳಿಕೊಡುತ್ತಿದ್ದೆ.

ಅಷ್ಟರಲ್ಲಿ ಮೈಸೂರಮ್ಮ ಬಂದರು.

ಸೂಲೂರಿನ ಹತ್ತಿರದ ಸ್ಪಿನ್ನಿಂಗ್ ಮಿಲ್ಲಿಗೆ ಹೊಸದಾಗಿ ಬಂದ ಎಂಜಿನಿಯರರ ಹೆಂಡತಿ ಅವರು. ಆ ಹೆಸರು ನಮ್ಮ ಬೀದಿ ಇಟ್ಟದ್ದು. ಸೀರೆ ನೋಡಲು ಬಂದವರು ಅಮ್ಮ ನನ್ನನ್ನು ಕರೆದದ್ದನ್ನು ಕೇಳಿ, "ಅಯ್ಯೋ, ನೀವು ಕನ್ನಡದವರಾ! ಗೊತ್ತೇ ಆಗ್ಲಿಲ್ಲ ನೋಡಿ," ಎಂದು ಅಂಗಳದಲ್ಲೇ ನಿಂತುಬಿಟ್ಟರು. ಅಮ್ಮ ಹಿಗ್ಗಿ ಹೀರೇಕಾಯಿಯಾದರು. "ವಾಂಗ, ಒಳಗೆ ಬನ್ನಿ, ಕುಂದ್ರಿ," ಎಂದು ಎರಡು ಭಾಷೆಯಲ್ಲಿ ಉಪಚರಿಸಿದರು. ಸೀರೆ ಆರಿಸುತ್ತಲೇ ಆಕೆಯ ಕಣ್ಣು ಜಗಲಿಯ ಮೇಲಿದ್ದ ನನ್ನ ಕರಿಹಲಗೆಯ ಕಡೆ ಹೋಯಿತು.

"ರೊಟೇಷನ್ನಾ? ನನಗೆ ತುಂಬಾ ಇಷ್ಟವಾದ ಪಾಠ," ಎಂದರು. ಎಂ.ಎಸ್ಸಿ. ಮಾಡಿದ್ದರಂತೆ. ಕೈಯ ಒಂದು ಬಳೆ ತೆಗೆದು, ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದುಕೊಂಡು, ಸೀರೆ ಸುತ್ತುವ ಹಲಗೆಯನ್ನು ಓರೆಯಾಗಿ ಇಟ್ಟು ನನ್ನ ತಂಗಿಯನ್ನು ಕೇಳಿದರು: "ಎರಡನ್ನೂ ಒಟ್ಟಿಗೆ ಬಿಟ್ರೆ ಯಾವುದು ಮೊದಲು ಕೆಳಗೆ ಬರತ್ತೆ?"

ತಂಗಿ ಯೋಚಿಸಿ, "ಮುಚ್ಚಳ," ಎಂದಳು.

"ಯಾಕೆ?"

ಅವಳು ಬಾಯಿಪಾಠ ಶುರುಮಾಡಿದಳು. ಆಕೆ ನಗುತ್ತಾ ತಡೆದು, "ಸೂತ್ರ ಬೇಡ, ಯಾಕೆ ಅಂತ ಹೇಳು," ಎಂದರು. ತಂಗಿ ನನ್ನ ಕಡೆ ತಿರುಗಿದಳು. ಆಕೆ ಬಿಟ್ಟು ತೋರಿಸಿದರು. ಮುಚ್ಚಳವೇ ಮೊದಲು ಬಂತು. ಬಳೆಯ ತೂಕವೆಲ್ಲ ಅಂಚಿನಲ್ಲಿ ಇರುವುದರಿಂದ ಅದನ್ನು ತಿರುಗಿಸುವುದು ಕಷ್ಟ ಎಂದು ವಿವರಿಸಿದರು. ಐದು ನಿಮಿಷದಲ್ಲಿ ಆ ಹುಡುಗಿಯ ಮುಖ ಹೇಗೆ ಅರಳಿತೆಂದರೆ, ಒಂದು ತಿಂಗಳಲ್ಲಿ ನನ್ನ ಜಗಲಿಯ ಮೇಲೆ ಅದು ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಸಂಜೆಗಳಲ್ಲಿ ಮಿಲ್ಲಿನ ಕ್ವಾರ್ಟರ್ಸಿಗೆ ಬಾ ಎಂದು ಅವಳನ್ನು ಕರೆದು ಹೋದರು. ಫೀಸಿನ ಮಾತೇ ಇಲ್ಲ. ಚಿಕ್ಕಪ್ಪನಿಗೆ ಸಂತೋಷವೋ ಸಂತೋಷ.

ಆಮೇಲೆ ಶುರುವಾಯಿತು, "ಮೇಡಂ ಹೇಳಿದ್ರು." ಬೆಳಿಗ್ಗೆ ನಾನು ಒಂದು ಲೆಕ್ಕ ಎತ್ತಿಕೊಂಡರೆ ತಂಗಿ ಕೇಳುವಳು, "ಎಂಥ ಅಕ್ಷದ ಸುತ್ತ ಅಕ್ಕಾ?" ಅಕ್ಷ ಅಂದರೆ ಅಕ್ಷ, ಚಕ್ರದ ನಡುವಿನದು, ಇನ್ನೆಂಥದು ಎಂದು ನಾನು ಗದರಿದರೆ ಅವಳು ಹೇಳುವಳು, "ಇಲ್ಲ, ಉರುಳೋ ವಸ್ತುವಿಗೆ ನೆಲ ಮುಟ್ಟೋ ಚುಕ್ಕೀನೇ ಅಕ್ಷ ಅಂತ ಇಟ್ಕೋಬೋದು. ಆ ಕ್ಷಣಕ್ಕೆ ಅದೊಂದೇ ನಿಂತಿರೋದು. ಮೇಡಂ ಹೇಳಿದ್ರು." ಅವಳ ಮಾತೂ ಬದಲಾಯಿತು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲದ "ಮಾಡೋಣ," "ನೋಡೋಣ" ಅವಳ ಬಾಯಲ್ಲಿ ಆಡತೊಡಗಿದವು. ಅಮ್ಮನಂತೂ, "ಆಯಮ್ಮ ಮಾತಾಡುದ್ರೆ ರೇಡಿಯೋ ಕೇಳ್ದಂಗದ," ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ಸಂಜೆ ಐದಕ್ಕೂ ಒಂದು ಕ್ಲಾಸು ಇಟ್ಟೆ, ಏಕೆಂದರೆ ಐದೂಕಾಲರ ಬಸ್ಸಿಗೆ ಅವಳು ಕ್ವಾರ್ಟರ್ಸಿಗೆ ಹೋಗುತ್ತಿದ್ದಳು. ಅವಳು ನಾಲ್ಕರ ಬಸ್ಸಿಗೆ ಹೋಗತೊಡಗಿದಳು. ನಾಲ್ಕಕ್ಕೇ ಕರೆದರೆ ಬಿಸಿಲು ತಾಳದೆ ಉಳಿದ ಏಳು ಜನ ಬರುತ್ತಿರಲಿಲ್ಲ. ಅವಳಿಗೊಬ್ಬಳಿಗೇ ಥಿಯರಂಗಳನ್ನು ಐದೈದು ಸಲ ಬರೆಯಲು ಕೊಟ್ಟೆ. ಅವಳು ಬಸ್ಸಿನಲ್ಲಿ ಕೂತು ಬರೆದು ತಂದಳು. ಮೈಸೂರಮ್ಮ ಅವಳ ಕೈಯಲ್ಲಿ ನನಗೆಂದು ಒಂದು ದಪ್ಪ ಪುಸ್ತಕ ಕಳಿಸಿದರು. ನಮ್ಮಲ್ಲೂ ಪುಸ್ತಕವಿದೆ ಎಂದು ವಾಪಸು ಕಳಿಸಿದೆ. ಇದನ್ನೆಲ್ಲ ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ನನ್ನದೊಂದು ವಸ್ತುವನ್ನು ಬೀದಿಯ ಕಣ್ಣೆದುರೇ ಒಬ್ಬಳು ಎತ್ತಿಕೊಂಡು ಹೋಗುತ್ತಿದ್ದಾಳೆ, ಬೀದಿ ಅವಳಿಗೆ ಕಾಫಿ ಕೊಡುತ್ತಿದೆ.

ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ, ಮೇ ತಿಂಗಳ ಆರಂಭದಲ್ಲಿ ಗೈಡಿನಲ್ಲಿ ಆ ಪ್ರಶ್ನೆ ಎದುರಾಯಿತು. ಒಂದು ದಾರದ ಉರುಳೆ ನೆಲದ ಮೇಲಿದೆ. ಎರಡು ಕಡೆ ದೊಡ್ಡ ಬಿಲ್ಲೆ, ನಡುವೆ ಸಣ್ಣ ದಿಂಡು, ದಿಂಡಿಗೆ ಸುತ್ತಿದ ದಾರ ಅಡಿಯಿಂದ ಹೊರಬಂದಿದೆ. ದಾರವನ್ನು ನೆಲಕ್ಕೆ ಸಮವಾಗಿ ನಿಮ್ಮ ಕಡೆಗೆ ಮೆಲ್ಲಗೆ ಎಳೆದರೆ ಉರುಳೆ ಏನು ಮಾಡುತ್ತದೆ? ಒಂದು, ನಿಮ್ಮ ಕಡೆ ಬರುತ್ತದೆ. ಎರಡು, ದಾರ ಬಿಚ್ಚಿಕೊಂಡು ದೂರ ಓಡುತ್ತದೆ. ಮೂರು, ಇದ್ದಲ್ಲೇ ತಿರುಗುತ್ತದೆ. ನಾಲ್ಕು, ಅಲುಗುವುದಿಲ್ಲ.

ಜಗಲಿಯಲ್ಲಿ ನಗೆಯೆದ್ದಿತು. ಇದು ಪ್ರಶ್ನೆಯೇ? ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಈ ಉರುಳೆ, ಅಂದರೆ ಬಾಬಿನ್, ಆಟಿಕೆಯೂ ಹೌದು, ಶನಿಯೂ ಹೌದು. ಬಾಬಿನ್ ಕೈತಪ್ಪಿ ಮಗ್ಗದ ಅಡಿಗೆ ಉರುಳಿದರೆ ದಾರ ಹಿಡಿದು ಎಳೆಯಬಾರದು ಎಂದು ಮೂರನೇ ವಯಸ್ಸಿಗೇ ಬೈಸಿಕೊಂಡು ಕಲಿಯುತ್ತೇವೆ. ದಾರ ಮೇಲಿನಿಂದ ಬಂದಿದ್ದರೆ ಬಾಬಿನ್ ಬರುತ್ತದೆ. ಅಡಿಯಿಂದ ಬಂದಿದ್ದರೆ ಬಿಚ್ಚಿಕೊಂಡು ಇನ್ನೂ ಒಳಗೆ ಓಡುತ್ತದೆ, ಆಮೇಲೆ ಹೊಟ್ಟೆಯ ಮೇಲೆ ತೆವಳಿ ತರಬೇಕು. ನಾನು ಲೆಕ್ಕ ಹಾಕಲೂ ಹೋಗದೆ "ಎರಡು" ಎಂದು ಗುರುತು ಹಾಕಿದೆ. ಎಂಟೂ ಜನ ಹಾಕಿಕೊಂಡರು.

ಮರುದಿನ ತಂಗಿ ಬಂದು ನಿಂತಳು. "ಅಕ್ಕಾ, ಮೇಡಂ ಒಂದು ಅಂತಾರೆ. ನಮ್ ಕಡೆ ಬರತ್ತಂತೆ."

"ಅವರ್ ಯಾವತ್ತಾದ್ರೂ ತರಿ ಅಡಿಗೆ ನುಗ್ಗಿ ಬಾಬಿನ್ ಎತ್ತವ್ರಾ?"

ತರಿ ಅಂದರೆ ಮಗ್ಗ. ಎಲ್ಲರೂ ನಕ್ಕರು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅಪ್ಪ ಕೂಡ, "ಎಂ.ಎಸ್ಸಿ. ಓದುದ್ರೆ ಬಾಬಿನ್ ಕೇಳ್ತದಾ? ಓಡೇ ಓಗ್ತದ," ಎಂದು ತೀರ್ಪು ಕೊಟ್ಟರು. ನನಗೆ ಒಂದು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಆ ಗೆಲುವನ್ನು ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. "ಭಾನುವಾರ ಬಂದು ಕಣ್ಣಾರೆ ನೋಡ್ಲಿ ಅಂತ ಸೊಲ್ಲು," ಎಂದು ತಂಗಿಯ ಕೈಯಲ್ಲಿ ಹೇಳಿ ಕಳಿಸಿದೆ. ಮೈಸೂರಮ್ಮ ಖಂಡಿತ ಬರುತ್ತೇನೆ ಎಂದು ಹೇಳಿ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಕರೆಂಟ್ ಹೋಯಿತು. ಎಲ್ಲರೂ ಊಟಕ್ಕೆ ಕೂತಿದ್ದರು. ಭಾನುವಾರಕ್ಕೆ ಒಮ್ಮೆ ಕೈ ಆಡಿಸಿ ನೋಡೋಣವೆಂದು ನಾನು ಶೆಡ್ಡಿಗೆ ಹೋಗಿ ಒಂದು ಅರೆಬರೆ ಬಾಬಿನ್ ತೆಗೆದುಕೊಂಡೆ. ಸಿಮೆಂಟ್ ನೆಲದ ಮೇಲೆ ಇಟ್ಟು, ಪ್ರಶ್ನೆಯಲ್ಲಿ ಹೇಳಿದಂತೆ ಕುಕ್ಕರುಗಾಲಿನಲ್ಲಿ ಕೂತು, ಅಡಿಯಿಂದ ಬಂದ ದಾರವನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ಎಳೆದೆ.

ಬಾಬಿನ್ ನನ್ನ ಕಡೆ ಬಂತು.

ದಾರ ತಿರುವಿಕೊಂಡಿರಬೇಕು ಎಂದು ಸರಿಮಾಡಿ ಮತ್ತೆ ಎಳೆದೆ. ಮತ್ತೆ ಬಂತು. ಬರುತ್ತಾ ದಾರವನ್ನು ತಾನೇ ಸುತ್ತಿಕೊಳ್ಳುತ್ತಿತ್ತು. ನಾನು ಎದ್ದು ನಿಂತು, ಚಿಕ್ಕಂದಿನಿಂದ ಎಳೆದ ಹಾಗೆ ಎಳೆದೆ. ಓಡಿಹೋಯಿತು. ಕೂತೆ, ಬಂತು. ನಿಂತೆ, ಓಡಿತು. ಕೂತು ಕೈಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋದೆ. ಒಂದು ಓರೆಗೆ ಬಂದಾಗ ಬಾಬಿನ್ ಈ ಕಡೆಯೂ ಉರುಳಲಿಲ್ಲ, ಆ ಕಡೆಯೂ ಉರುಳಲಿಲ್ಲ, ನೆಲದ ಮೇಲೆ ಸುಮ್ಮನೆ ಜಾರಿತು. ಆ ಓರೆಯಲ್ಲಿ ದಾರದ ಗೆರೆಯನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆದು ನೋಡಿದೆ. ಅದು ಬಾಬಿನ್ ನೆಲ ಮುಟ್ಟುವ ಚುಕ್ಕಿಯ ಮೂಲಕವೇ ಹಾದುಹೋಗುತ್ತಿತ್ತು. ನೆಲ ಮುಟ್ಟುವ ಚುಕ್ಕಿಯನ್ನು ಅಕ್ಷ ಎಂದು ಇಟ್ಟುಕೊಂಡರೆ ಆ ದಾರಕ್ಕೆ ತಿರುಗಿಸುವ ಬಲವೇ ಇಲ್ಲ. ಗೆರೆ ಚುಕ್ಕಿಗಿಂತ ಆಚೆ ಬಿದ್ದರೆ ಒಂದು ಕಡೆ, ಈಚೆ ಬಿದ್ದರೆ ಇನ್ನೊಂದು ಕಡೆ. ನಮ್ಮ ಬೀದಿಯವರು ಹೇಳಿದ್ದು ಸುಳ್ಳಲ್ಲ, ನಾವೆಲ್ಲ ಯಾವಾಗಲೂ ನಿಂತೇ ಎಳೆದವರು. ಪ್ರಶ್ನೆ ಮಾತ್ರ ನೆಲಕ್ಕೆ ಸಮವಾಗಿ ಎಳೆಯಲು ಹೇಳಿತ್ತು.

ಪಾಠ ನನಗೆ ನಿಜವಾಗಿ ಅರ್ಥವಾದದ್ದು ಆ ಹೊತ್ತಿನಲ್ಲಿ, ಬಿ.ಎಸ್ಸಿ. ಮುಗಿಸಿ ಮೂರು ವರ್ಷದ ಮೇಲೆ. ಖುಷಿಪಡಬೇಕಿತ್ತು. ನನಗೆ ಬಂದದ್ದು ಅಳು. ಅರ್ಥಮಾಡಿಸಿದ್ದು ನನ್ನ ಕೈಯೇ ಆದರೂ ದಾರಿ ಆಕೆಯದು. ಆ ದಾರಿಯನ್ನು ನನ್ನ ತಂಗಿ ಏಪ್ರಿಲ್‌ನಲ್ಲೇ ಕಲಿತು ಬಂದು ನನಗೆ ಹೇಳಿದ್ದಳು, ನಾನು ಗದರಿದ್ದೆ.

ಒಂದೂವರೆ ದಿನ ಸಮಯವಿತ್ತು. ತಂಗಿಯನ್ನು ಕರೆದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಬೇರೆ ಮೂರು ಬಾಬಿನ್ ತಂದು ನೋಡಿದೆ. ದಾರ ಬಹುಪಾಲು ಖಾಲಿಯಾದ ಬಾಬಿನ್ ಕೈಯನ್ನು ತುಂಬಾ ಎತ್ತಿದರೂ ನನ್ನ ಕಡೆಗೇ ಬರುತ್ತಿತ್ತು. ಅಂಚಿನವರೆಗೆ ದಾರ ತುಂಬಿದ ಬಾಬಿನ್ ಮಾತ್ರ ಕೈಯನ್ನು ಒಂದು ಗೇಣು ಎತ್ತಿದರೆ ಸಾಕು, ಓಡುತ್ತಿತ್ತು. ಹತ್ತಿರ ಕೂತು ಎಳೆದರೆ ಆ ಒಂದು ಗೇಣು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ನಾನು ತುಂಬಿದ ಬಾಬಿನ್ನನ್ನು ಬೇರೆ ಎತ್ತಿಟ್ಟೆ. ಫಿಸಿಕ್ಸನ್ನು ಅಷ್ಟು ಶ್ರದ್ಧೆಯಿಂದ ನಾನು ಅದುವರೆಗೆ ಯಾವ ಕೆಲಸಕ್ಕೂ ಬಳಸಿರಲಿಲ್ಲ.

ಭಾನುವಾರ ಜಗಲಿಯ ಸುತ್ತ ಅರ್ಧ ಬೀದಿ ಸೇರಿತ್ತು. ಮೈಸೂರಮ್ಮ ನಗುನಗುತ್ತಾ ಬಂದು ಚಾಪೆಯ ಮೇಲೆ ಕೂತರು. ನಾನು ಬಾಬಿನ್ ಇಟ್ಟೆ, ದಾರ ಅಡಿಯಿಂದ ಬಂದಿದೆ ಎಂದು ಎಲ್ಲರಿಗೂ ತೋರಿಸಿದೆ, ಹತ್ತಿರ ಕೂತೆ, ಎಳೆದೆ. ಬಾಬಿನ್ ದಾರ ಬಿಚ್ಚಿಕೊಂಡು ಆಕೆಯ ಸೀರೆಯ ನೆರಿಗೆಯವರೆಗೆ ಓಡಿತು. ಬೀದಿ ಹೋ ಎಂದಿತು. ಅಪ್ಪ ತೊಡೆ ತಟ್ಟಿಕೊಂಡರು.

ಆಕೆ ಬಾಬಿನ್ನನ್ನು ಕೈಗೆತ್ತಿಕೊಂಡರು. ದಾರಕ್ಕೂ ಬಿಲ್ಲೆಯ ಅಂಚಿಗೂ ನಡುವೆ ಹೆಬ್ಬೆರಳಿಟ್ಟು ನೋಡಿದರು. ಹೆಬ್ಬೆರಳಿಗೆ ಅಲ್ಲಿ ಜಾಗವಿರಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. "ಹೌದಲ್ಲ, ಓಡ್ತು," ಎಂದು ಅದನ್ನು ನನ್ನ ಕೈಗೇ ಕೊಟ್ಟರು. ಕಾಫಿ ಕುಡಿದು ಎದ್ದು ಹೋದರು. ತಂಗಿ ಬಸ್ಸಿನವರೆಗೆ ಕಳಿಸಲು ಹೋಗಲಿಲ್ಲ.

ಆ ದಿನದಿಂದ ಅವಳು ಕ್ವಾರ್ಟರ್ಸಿಗೆ ಹೋಗುವುದನ್ನು ಬಿಟ್ಟಳು. ಬೆಳಿಗ್ಗೆ ಐದೂವರೆಗೆ ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಸಂಜೆಯೂ ಬರುತ್ತಿದ್ದಳು. "ಮೇಡಂ ಹೇಳಿದ್ರು" ನಿಂತುಹೋಯಿತು. ಎರಡು ದಿನ ನಾನು ಹಬ್ಬ ಮಾಡಿದೆ.

ಮೂರನೇ ದಿನ ಉರುಳುವ ವಸ್ತುಗಳ ಮೇಲೆ ಹತ್ತು ಪ್ರಶ್ನೆ ಕೊಟ್ಟು ಟೆಸ್ಟ್ ಇಟ್ಟೆ. ತಂಗಿಗೆ ಮೂರು ಬಂತು. ಮೊದಲು ಎಂಟಕ್ಕೆ ಕಡಿಮೆ ಬಂದದ್ದಿಲ್ಲ. ಪೇಪರ್ ನೋಡಿದೆ. ಎಲ್ಲ ಲೆಕ್ಕಕ್ಕೂ ನಡುವಿನ ಅಕ್ಷ ಹಿಡಿದು, ನೆಲದ ಘರ್ಷಣೆ ಯಾವ ಕಡೆಗೆ ಎಂದು ತಿಳಿಯದೆ ದಾರಿ ತಪ್ಪಿದ್ದಳು. ಎರಡು ಕಡೆ ಮೈಸೂರಮ್ಮನ ದಾರಿಯಲ್ಲಿ ಶುರುಮಾಡಿ, ಸರಿಯಾದ ಉತ್ತರದ ಹತ್ತಿರ ಬಂದು, ಎಲ್ಲವನ್ನೂ ಹೊಡೆದುಹಾಕಿದ್ದಳು.

"ಇದ್ಯಾಕೆ ಅಡ್ಚಿಟ್ಟೆ?" ಎಂದು ಕೇಳಿದೆ.

"ನೆಲದ ಚುಕ್ಕೀನ ಅಕ್ಷ ಮಾಡ್ಕೊಂಡ್ರೆ ಬಾಬಿನ್ ನಮ್ ಕಡೆ ಬರ್ಬೇಕು ತಾನೆ ಅಕ್ಕಾ," ಎಂದಳು. "ಬರ್ಲಿಲ್ಲ. ನಾನೇ ನೋಡ್ದೆ. ಅಪ್ಪೋ ಆ ವಳಿಯೇ ತಪ್ಪು. ಒಂದು ಲೆಕ್ಕಕ್ಕೆ ತಪ್ಪಾದ್ದು ಇನ್ನೊಂದಕ್ಕೆ ಸರಿ ಹೆಂಗಾಗ್ತದ?"

ಅಪ್ಪೋ ಅಂದರೆ ಹಾಗಾದರೆ, ವಳಿ ಅಂದರೆ ದಾರಿ. ಅವಳ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಕಣ್ಣಾರೆ ಕಂಡದ್ದಕ್ಕೆ ಹೊಂದದ ದಾರಿಯನ್ನು ಬಿಟ್ಟಿದ್ದಳು, ಒಳ್ಳೆಯ ವಿದ್ಯಾರ್ಥಿ ಮಾಡಬೇಕಾದದ್ದೇ ಅದು. ಕಂಡದ್ದನ್ನು ಕೆಡಿಸಿಟ್ಟವಳು ನಾನು.

ಪರೀಕ್ಷೆಗೆ ಹದಿನೆಂಟು ದಿನವಿತ್ತು. ನಾನು ಸುತ್ತುಬಳಸಿ ಸರಿಪಡಿಸಲು ನೋಡಿದೆ. "ಬಾಬಿನ್ ಬಿಡು, ಉಳಿದದ್ದಕ್ಕೆಲ್ಲ ಆ ದಾರಿ ಪರವಾಗಿಲ್ಲ," ಎಂದೆ. ಯಾಕೆ ಎಂದಳು. ನಾನು ಪುಟ ತಿರುಗಿಸಿದೆ. ಇನ್ನೆರಡು ಟೆಸ್ಟ್ ಇಟ್ಟೆ. ನಾಲ್ಕು ಬಂತು, ಮತ್ತೆ ಮೂರು ಬಂತು. ರೊಟೇಷನ್ ಒಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು, ಆದರೆ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಗಿ ಬೇರೆ ಪಾಠದಲ್ಲೂ ಬರೆದದ್ದನ್ನು ಹೊಡೆದುಹಾಕತೊಡಗಿದಳು. ಒಂದು ದಿನ ಅತ್ತೆ ಬಂದು ಅವಳ ಕುಪ್ಪಸದ ಅಳತೆ ತೆಗೆದುಕೊಂಡು ಹೋದರು. ಯಾವುದಕ್ಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಂಗಿ ಅಳತೆ ಕೊಟ್ಟು ಬಂದು ಕೂತು ಮುಂದಿನ ಲೆಕ್ಕ ತೆಗೆದಳು. ಅದನ್ನೂ ಅರ್ಧಕ್ಕೆ ಹೊಡೆದುಹಾಕಿದಳು.

ಮರುದಿನ ಬೆಳಿಗ್ಗೆ ಎಂಟೂ ಜನ ಬಂದ ಮೇಲೆ ನಾನು ಮೂರು ಬಾಬಿನ್ ತಂದಿಟ್ಟೆ: ತುಂಬಿದ್ದು, ಅರೆಬರೆ, ಖಾಲಿಯಾಗುತ್ತಿದ್ದದ್ದು. ಅವಳೊಬ್ಬಳನ್ನೇ ಒಳಗೆ ಕರೆದು ಹೇಳಬಹುದಿತ್ತು. ಸುಳ್ಳನ್ನು ಎಲ್ಲರೆದುರು ಹೇಳಿ ನಿಜವನ್ನು ಮೂಲೆಯಲ್ಲಿ ಹೇಳಲು ಮನಸ್ಸು ಒಪ್ಪಲಿಲ್ಲ.

"ನೆಲಕ್ಕೆ ಕೈ ತಾಗ್ಸಿ ಎಳಿ," ಎಂದೆ ತಂಗಿಗೆ.

ಅವಳು ಅರೆಬರೆ ಬಾಬಿನ್ ಎಳೆದಳು. ಬಂತು. ತುಂಬಿದ್ದನ್ನು ಎಳೆದಳು. ಅದೂ ಬಂತು. ಮೆಲ್ಲಗೆ ಕೈ ಎತ್ತು ಎಂದೆ. ಎತ್ತಿದಳು, ಓಡಿತು. ನಾನು ಹೇಳುವ ಮೊದಲೇ ಅವಳು ಮೂರನ್ನೂ ಎತ್ತಿ ಇಳಿಸಿ ನೋಡಿದಳು, ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು ಜಾರುವ ಓರೆಯನ್ನು ಅಳೆದಳು, ಸ್ಕೇಲಿನಿಂದ ದಾರ ಸುತ್ತಿದ ದಿಂಡಿನ ದಪ್ಪವನ್ನೂ ಬಿಲ್ಲೆಯ ಅಗಲವನ್ನೂ ಅಳೆದು ಭಾಗಿಸಿದಳು. ಮೂರಕ್ಕೂ ಕೋನದ ಕೊಸೈನ್ ಆ ಭಾಗಲಬ್ಧಕ್ಕೆ ಹೆಚ್ಚುಕಡಿಮೆ ಹೊಂದಿತು. ಆಮೇಲೆ ತಲೆಯೆತ್ತಿದಳು.

"ಇದ್ ನಿಂಗೆ ಯಾವತ್ತಿಂದ ಗೊತ್ತು?"

"ಆ ಶುಕ್ರವಾರದಿಂದ."

"ಭಾನುವಾರಕ್ಕೆ ಮುಂಚೆ?"

"ಹೂಂ."

"ಗೊತ್ತಿದ್ದೇ ತುಂಬಿದ್ದ ಎತ್ಕೊಂಡ್ಯಾ?"

"ಹೂಂ. ನೀ ಅವರ ಮನೆಗೆ ಓಗೋದು ನಂಗೆ ತಾಳಕ್ಕಾಗ್ಲಿಲ್ಲ ಕಣ್ಣು. ಹೊಟ್ಟೆ ಉರೀತು."

ಏಳು ಜನ ನೋಟ್‌ಬುಕ್ಕಿನೊಳಗೆ ಮುಖವಿಟ್ಟರು. ತಂಗಿ ಬಾಬಿನ್‌ಗಳ ದಾರವನ್ನು ಒಂದೊಂದಾಗಿ ಸರಿಯಾಗಿ ಸುತ್ತಿಟ್ಟಳು. "ನಾಲ್ಕ್ ಗಂಟೆ ಬಸ್ಸಿಗೆ ಮೇಡಂ ಮನೆಗೆ ಓಗ್ತೀನಿ," ಎಂದಳು.

"ನಾನೂ ಬತ್ತೀನಿ."

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ.

ಬಾಗಿಲು ತೆರೆದ ಮೈಸೂರಮ್ಮ ನಮ್ಮಿಬ್ಬರ ಮುಖ ನೋಡಿದ ಕೂಡಲೇ ವಿಷಯ ತಿಳಿದುಕೊಂಡರು. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಆಕೆ ಕೈ ಅಡ್ಡ ತಂದರು. "ಬಾಬಿನ್ ಅಷ್ಟು ತುಂಬಿರೋದನ್ನ ನೋಡಿದಾಗಲೇ ಗೊತ್ತಾಯ್ತು ಕಣ್ರೀ. ನಿಮ್ಮನೆ ಜಗಲೀಲಿ, ನಿಮ್ಮ ಮಕ್ಕಳ ಎದುರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ."

"ಇವಳಿಗಾದ್ರೂ ಹೇಳಿರ್ಬೋದಿತ್ತು," ಎಂದೆ. ತಪ್ಪೊಪ್ಪಲು ಹೋದವಳು ಅಲ್ಲೂ ಜಗಳಕ್ಕೆ ನಿಂತೆ.

"ಹೇಳ್ಬೇಕಿತ್ತು. ಬರ್ತಾಳೆ, ಆಗ ಹೇಳೋಣ ಅಂತಿದ್ದೆ. ಬರ್ಲೇ ಇಲ್ಲ. ತಪ್ಪು ನಂದೂ ಇದೆ." ಆಮೇಲೆ ನನ್ನ ಚೀಲದ ಕಡೆ ನೋಡಿ, "ಬಾಬಿನ್ ತಂದಿದೀರಾ? ನಾನು ಅದನ್ನ ಪುಸ್ತಕದಲ್ಲಿ ಓದಿದ್ದಷ್ಟೇ, ಕೈಯಲ್ಲಿ ಮಾಡಿ ನೋಡಿಲ್ಲ. ತೋರಿಸ್ತೀರಾ?" ಎಂದರು.

ಎದುರಿನವರು ಹೀಗೆ ಒಳ್ಳೆಯವರಾಗಿಬಿಟ್ಟರೆ ಹೊಟ್ಟೆಕಿಚ್ಚುಪಡುವವರು ಎಲ್ಲಿಗೆ ಹೋಗಬೇಕು? ಬಾಬಿನ್‌ಗಳನ್ನು ತಂಗಿ ತನ್ನ ಚೀಲದಲ್ಲಿ ತಂದಿದ್ದಳು. ಮೂವರೂ ಅವರ ಮೊಸಾಯಿಕ್ ನೆಲದ ಮೇಲೆ ಕೂತು ಎಳೆದೆವು. ಆ ನೆಲ ನಮ್ಮದಕ್ಕಿಂತ ನುಣುಪು. ಬಾಬಿನ್ ಬೇಗ ಜಾರುತ್ತಿತ್ತು. ಆ ನೆಲದ ಮೇಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಉಳಿದ ಎರಡು ವಾರ 'ಯಾಕೆ' ಎಂಬುದು ಆಕೆಯ ಪಾಲು, ಗಡಿಯಾರ ಹಿಡಿದು ಪ್ರಶ್ನೆ ಮಾಡಿಸುವುದು ನನ್ನ ಪಾಲು ಎಂದು ಹಂಚಿಕೊಂಡೆವು. ನಾನೂ ದಿನಾ ಹೋಗಿ ಹಿಂದೆ ಕೂತು ಕೇಳುತ್ತಿದ್ದೆ. ನಾನು ಪ್ಲಸ್ ಟೂ ಓದಿದ ವರ್ಷ ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ, ನನಗೆ ಅಂಥ ಮೇಡಂ ಇರಲಿಲ್ಲ. ಅಷ್ಟು ದಿನ ಮೈಸೂರಮ್ಮನ ಮೇಲೆ ಉರಿದ ಹೊಟ್ಟೆ ಅಲ್ಲಿ ಹಿಂದೆ ಕೂತಾಗ ತಂಗಿಯ ಜಡೆಯನ್ನು ನೋಡಿ ಉರಿಯುತ್ತಿತ್ತು. ಮರುವರ್ಷ ಇದೇ ಮೈಸೂರಮ್ಮನಿಂದ ಕನ್ನಡ ಅಕ್ಷರವನ್ನೂ ಕಲಿತೆ. ನಮ್ಮ ಬೀದಿಯಲ್ಲಿ ಆಗ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಬಾಬಿನ್ ಪ್ರಶ್ನೆ ಬರಲಿಲ್ಲ. ಉರುಳುವ ಗುಂಡಿನ ಮೇಲೆ ಎರಡು ಬಂದಿದ್ದವು, ಎರಡನ್ನೂ ಮಾಡಿದೆ ಎಂದಳು. ಸೀಟು ಬಂತು, ನಾವು ಕೋವೈ ಎನ್ನುವ ಕೊಯಮತ್ತೂರಿನಲ್ಲೇ, ಹಾಸ್ಟೆಲ್ ಸಮೇತ. ಚಿಕ್ಕಪ್ಪ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಅತ್ತೆ ಮುಖ ಊದಿಸಿಕೊಂಡೇ ಒಂದು ತುಂಡು ತಿಂದರು.

ತಂಗಿ ನನ್ನ ಜೊತೆ ಮಾತು ಬಿಟ್ಟವಳಲ್ಲ. ಜುಲೈ ಮಧ್ಯಕ್ಕೆ ಆಣಿ ತಿಂಗಳು ಮುಗಿಯುವಷ್ಟರಲ್ಲಿ ನಾವು ಮೊದಲಿನ ಹಾಗೆ ನಗುತ್ತಿದ್ದೆವು, ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಅವಳು ಹಾಸ್ಟೆಲಿಗೆ ಹೊರಟ ಬೆಳಿಗ್ಗೆ ಟ್ರಂಕು ಹೊತ್ತು ಬಸ್ಸಿನವರೆಗೆ ನಾನೇ ಹೋದೆ. ಏಳು ಗಂಟೆಯ ಬಸ್ಸು ಖಾಲಿಯಿತ್ತು, ಎರಡು ಕಡೆಯೂ ಕಿಟಕಿಯ ಸೀಟು ಸಿಗುತ್ತಿತ್ತು.

"ಎಡಗಡೆ ಕುಂತ್ಕೊ ಕಣ್ಣು," ಎಂದೆ. "ಕೋವೈವರೆಗೂ ಬಿಸಿಲು ಬೀಳಲ್ಲ."

ಅವಳು ಹೂಂ ಎಂದು ನಕ್ಕಳು. ಮೆಟ್ಟಿಲ ಮೇಲೆ ನಿಂತು ಬಗ್ಗಿ ಹೊರಗೆ ನೋಡಿದಳು. ಸೂರ್ಯ ಎಲ್ಲಿದ್ದಾನೆ ಎಂದು ನೋಡಿದಳು, ರಸ್ತೆ ಯಾವ ಕಡೆಗೆ ತಿರುಗುತ್ತದೆ ಎಂದು ನೋಡಿದಳು. ಆಮೇಲೆ ಒಳಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತಳು.